ಪುಡಿ ಹಾಕದ ನೀರು

ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಬೀರೂರಿನಿಂದ ಅಜ್ಜಂಪುರದ ಕಡೆಗೆ ಹೋಗುವಾಗ, ಗಾಡಿರಸ್ತೆಯಿಂದ ಸ್ವಲ್ಪ ಒಳಕ್ಕೆ ಇರುವ ಊರು ಎಂದಷ್ಟೇ ತಿಳಿದರೆ ಸಾಕು. ಆಗ ತೀರಿಕೊಂಡವರ ಮನೆಯವರು ಈಗಲೂ ಅಲ್ಲಿದ್ದಾರೆ.

ಅದು ಮಹಾರಾಜರ ಕಾಲ. ಆ ಊರಿಗೆ ಕೊಳಾಯಿ ಬಂದು ಎರಡು ವರ್ಷವಾಗಿತ್ತು. ನಾನು ಸ್ಯಾನಿಟರಿ ಇನ್ಸ್‌ಪೆಕ್ಟರಾಗಿ ಅಲ್ಲಿಗೆ ಹೋದಾಗ ನನಗೆ ಇಪ್ಪತ್ತನಾಲ್ಕು ವಯಸ್ಸು. ನಮ್ಮದು ಪಂಚನಹಳ್ಳಿ. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ. ಈ ಕೆಲಸಕ್ಕೆ ಸೇರಿದ್ದು ನಮ್ಮಪ್ಪನಿಗೆ ಹಿಡಿಸಿರಲಿಲ್ಲ. “ಕಂಡೋರ ಚರಂಡಿ ಮೂಸೋಕೆ ಅಷ್ಟು ಓದ್ಬೇಕಾಗಿತ್ತೇನ್ಲಾ?” ಎಂದಿದ್ದರು.

ಊರ ಕೆಳಗಿನ ಹಳ್ಳದ ದಡದಲ್ಲಿ ಸರ್ಕಾರದವರು ಒಂದು ದೊಡ್ಡ ಬಾವಿ ತೋಡಿಸಿದ್ದರು. ಎಣ್ಣೆ ಎಂಜಿನ್ನು ಅದರ ನೀರನ್ನು ದಿಣ್ಣೆಯ ಮೇಲಿನ ತೊಟ್ಟಿಗೆ ಎತ್ತುತ್ತಿತ್ತು. ಅಲ್ಲಿಂದ ಬೀದಿಬೀದಿಯ ಕೊಳಾಯಿಗೆ. ಬೆಳಕು ಹರಿಯುವ ಹೊತ್ತಿಗೆ ನಾನು ದಿಣ್ಣೆ ಹತ್ತಬೇಕು. ಬ್ಲೀಚಿಂಗ್ ಪೌಡರಿನ ಡಬ್ಬದ ಬೀಗ ತೆಗೆದು, ಅಳತೆ ಮಾಡಿ, ಬಕೀಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ತೊಟ್ಟಿಗೆ ಸುರಿಯಬೇಕು. ಅರ್ಧ ಗಂಟೆ ಕಾದು, ಆಮೇಲೆ ಊರಿಗೆ ನೀರು ಬಿಡಬೇಕು. ಕೊನೆಯ ಕೊಳಾಯಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಎರಡು ಬಗೆಯ ಔಷಧಿಯ ಹನಿ ಬಿಟ್ಟರೆ ತಿಳಿ ನೀಲಿ ಬಣ್ಣ ಬರಬೇಕು. ನೀಲಿ ಬಂದರೆ ಪುಡಿಯ ಶಕ್ತಿ ನೀರಿನಲ್ಲಿ ಇನ್ನೂ ಇದೆ ಎಂದು ಅರ್ಥ. ಬಾರದಿದ್ದರೆ ಇಲ್ಲ.

ಜನಕ್ಕೆ ಆ ನೀಲಿ ಯಾಕೆ ಬೇಕು? ಅವರಿಗೆ ಗೊತ್ತಿದ್ದದ್ದು ವಾಸನೆ. “ಬಾಯಿಗೆ ಹಾಕಂಡ್ರೆ ಸುಣ್ಣದ ಗೋಡೆ ನೆಕ್ಕಿದಂಗಾಯ್ತದೆ ಕಣ್ರೀ” ಎಂದು ಹೆಂಗಸರು ನನ್ನನ್ನು ಕಂಡಾಗಲೆಲ್ಲ ಅನ್ನುತ್ತಿದ್ದರು. ಕೆಲವರು ಬಟ್ಟೆ ಪಾತ್ರೆಗೆ ಮಾತ್ರ ಕೊಳಾಯಿ ನೀರು ಹಿಡಿದು, ಕುಡಿಯುವುದಕ್ಕೆ ಹಳ್ಳದ ಒರತೆಗೆ ಹೋಗುತ್ತಿದ್ದರು. ನಾನು ಮನೆಮನೆಗೆ ಹೋಗಿ ಹೇಳುತ್ತಿದ್ದೆ. ಹೇಳಿ ಹೇಳಿ ಒಂದು ವರ್ಷಕ್ಕೆ ಅವರು ಮೂಗು ಮುರಿಯುತ್ತಲೇ ಕುಡಿಯುವುದನ್ನು ಕಲಿತರು.

ನಾನಿದ್ದದ್ದು ಊರಿನ ಸ್ಕೂಲು ಮೇಷ್ಟ್ರ ಮನೆಯ ಪಕ್ಕದ ಒಂದು ಕೋಣೆಯಲ್ಲಿ. ಮೇಷ್ಟ್ರು ಯಗಟಿ ಕಡೆಯವರು, ಬೇಸಾಯದ ಮನೆತನ. ಮಾತು ಕಡಿಮೆ. ಸಂಜೆ ಜಗಲಿಯ ಮೇಲೆ ಕೂತು ಪೇಪರು ಓದುವಾಗ ನನಗೂ ಒಂದು ಹಾಳೆ ಕೊಡುತ್ತಿದ್ದರು, ಅಷ್ಟೇ. ಅವರ ಹೆಂಡತಿ ಹಾಗಲ್ಲ. ನಾನು ಬಂದ ಮೂರನೆಯ ದಿನ, ಒಲೆ ಹೊತ್ತಿಸಲಾಗದೆ ಹೊಗೆಯಲ್ಲಿ ಕೆಮ್ಮುತ್ತಿದ್ದವನನ್ನು ಕಿಟಕಿಯಿಂದ ನೋಡಿ, “ಎದ್ದು ಬಾರಪ್ಪ ಈ ಕಡೆ. ನಾಳೆಯಿಂದ ನಿನ್ನ ಮುದ್ದೆ ಇಲ್ಲೇ” ಎಂದರು. ಅವತ್ತಿನಿಂದ ಎರಡು ಹೊತ್ತೂ ನನ್ನ ಊಟ ಅವರ ಮನೆಯಲ್ಲೇ. ತಿಂಗಳು ತಿಂಗಳು ರಾಗಿ, ಕಾಯಿ ಊರಿನಿಂದ ತರಿಸಿ ಕೊಡುತ್ತಿದ್ದೆ. ಅದನ್ನೂ ಬೈದುಕೊಂಡೇ ಒಳಗಿಡುತ್ತಿದ್ದರು. ಹುರುಳಿಕಾಳು ಬಸ್ಸಾರು ಮಾಡಿದ ದಿನ ನನ್ನ ತಟ್ಟೆಗೆ ಕಾಳು ಜಾಸ್ತಿ ಬೀಳುತ್ತಿತ್ತು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ.

ಅವರಿಗಿದ್ದದ್ದು ಒಬ್ಬಳೇ ಮಗಳು. ಮೇಷ್ಟ್ರು ಹಠ ಹಿಡಿದು ಓದಿಸಿದ್ದರಿಂದ ಹದಿನಾರು ತುಂಬಿದರೂ ಮದುವೆಯಾಗಿರಲಿಲ್ಲ. ಆ ಕಾಲಕ್ಕೆ ಅದು ತಡವೇ. ಒಂದು ಸಲ ತರೀಕೆರೆ ಕಡೆಯಿಂದ ಹೆಣ್ಣು ನೋಡಲು ಬಂದರು. ಬಂದವರಿಗೆ ಬೆಲ್ಲ, ನೀರು ಕೊಡುವುದು ಪದ್ಧತಿ. ಗಂಡಿನ ಸೋದರಮಾವ ತಂಬಿಗೆ ಎತ್ತಿ ಮೂಗಿನ ಹತ್ತಿರಕ್ಕೆ ತಂದವನು, ಹಾಗೇ ಕೆಳಗಿಟ್ಟು, “ಇಂಥ ನೀರು ಕುಡಿಯೋ ಊರಿಂದ ಹೆಣ್ಣು ತರೋದಾ?” ಎಂದು ನಗಾಡಿದ. ಅದೇ ಕಾರಣವೋ, ಬೇರೆ ಏನೋ, ಆ ಸಂಬಂಧ ಮುರಿಯಿತು. ಅಮ್ಮ ಮಾತ್ರ ಆ ತಂಬಿಗೆಯನ್ನೇ ಕಾರಣ ಅಂದುಕೊಂಡರು. ನನಗೆ ಒಂದು ಮಾತೂ ಅನ್ನಲಿಲ್ಲ. ಅವತ್ತು ಹುಡುಗಿ ಹಿತ್ತಲಿನ ಕಲ್ಲಿನ ಮೇಲೆ ಕೂತು ಅಳುತ್ತಿದ್ದುದನ್ನು ಕೋಣೆಯ ಕಿಟಕಿಯಿಂದ ನೋಡಿದೆ.

ಮರುವರ್ಷ ಅಜ್ಜಂಪುರದ ಸಂಬಂಧ ಕೂಡಿಬಂತು. ಜಮೀನಿದ್ದ ಒಳ್ಳೆಯ ಮನೆ. ವೈಶಾಖದ ಕೊನೆಗೆ ಮದುವೆ, ಹೆಣ್ಣಿನ ಮನೆಯ ಮುಂದೆಯೇ ಚಪ್ಪರ. ಮದುವೆಗೆ ನಾಲ್ಕು ದಿನ ಇರುವಾಗ, ಊಟಕ್ಕೆ ಕೂತಿದ್ದ ನನಗೆ ಬಡಿಸುತ್ತಾ ಅಮ್ಮ, “ಏನಪ್ಪಾ, ಒಂದು ಮಾತು ಕೇಳ್ತೀನಿ, ಇಲ್ಲ ಅನ್ಬಾರ್ದು” ಎಂದರು. ಮೇಷ್ಟ್ರು ಬೀರೂರಿಗೆ ಹೋಗಿದ್ದರು.

“ಏನಮ್ಮ?”

“ಮದುವೆ ಹಿಂದಿನ ದಿನ, ಮದುವೆ ದಿನ. ಎರಡೇ ದಿನ. ಆ ಪುಡಿ ಹಾಕ್ಬೇಡ.”

“ಅಮ್ಮ, ಅದಾಗಲ್ಲ.”

“ಪಾನಕ ಮಾಡ್ಬೇಕು, ಮಜ್ಜಿಗೆ ಮಾಡ್ಬೇಕು. ಬಂದೋರ ಕೈಗೆ ನೀರು ಕೊಡ್ಬೇಕು. ಆ ತರೀಕೆರೆಯೋನು ತಂಬಿಗೆ ಕೆಳಗಿಟ್ನಲ್ಲ, ಅದೇ ಕಣ್ಮುಂದೆ ಬತ್ತದೆ ನಂಗೆ. ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೋ.”

“ನಿಮ್ಮ ಬಾವಿ ನೀರೇ ಸೇದಿಸಿದರೆ?”

“ಬಾವೀಲಿ ಎಲ್ಲೈತಪ್ಪ ನೀರು? ಕೊಡ ಇಳಿಬಿಟ್ರೆ ಕೆಸರು ಬತ್ತದೆ.” ಸೌಟು ಕೆಳಗಿಟ್ಟು, “ನನಗೊಬ್ಬ ಮಗ ಇದ್ದಿದ್ರೆ ಅವನನ್ನ ಕೇಳ್ತಿದ್ದೆ” ಎಂದರು.

ಇಲ್ಲ ಎನ್ನುವುದು ನನ್ನ ಕೆಲಸವಾಗಿತ್ತು. ಅದಕ್ಕಾಗಿಯೇ ನನಗೆ ಬೆಂಗಳೂರಿನಲ್ಲಿ ತರಬೇತಿ ಕೊಟ್ಟಿದ್ದರು. ಆದರೆ ಬೇಸಿಗೆ, ಮಳೆಯಿಲ್ಲ, ಹಳ್ಳ ಬತ್ತಿದೆ, ದಡದ ಸರ್ಕಾರಿ ಬಾವಿಯ ನೀರು ಮರಳಿನಲ್ಲಿ ಸೋಸಿ ತಿಳಿಯಾಗಿ ಬರುತ್ತಿದೆ. ಎರಡು ದಿನಕ್ಕೆ ಏನಾದೀತು? ಹೀಗೆ ನನಗೆ ನಾನೇ ಹೇಳಿಕೊಂಡೆ.

“ಯಾರಿಗೂ ಹೇಳ್ಬೇಡಿ. ಮೇಷ್ಟ್ರಿಗೂ” ಎಂದೆ.

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, ಬೇಡವೆಂದರೂ ಕೇಳದೆ ನನಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ದಿಣ್ಣೆಗೆ ಹೋದೆ. ಡಬ್ಬದ ಬೀಗ ತೆಗೆಯಲಿಲ್ಲ. ನೀರು ಬಿಟ್ಟೆ. ಕೆಳಗೆ ಬಂದು ಲೋಟದಲ್ಲಿ ಹಿಡಿದು ಔಷಧಿ ಬಿಟ್ಟಾಗ ನೀರು ನೀರಾಗಿಯೇ ಉಳಿಯಿತು. ದಿನದ ಪರೀಕ್ಷೆ ಬರೆದಿಡುವ ಪುಸ್ತಕದಲ್ಲಿ “ನೀಲಿ” ಎಂದು ಬರೆದೆ.

ಅವತ್ತು ಸಂಜೆ ಮಳೆ ಬಂತು. ವರ್ಷದ ಮೊದಲ ಮಳೆ. ಗುಡುಗು ಸಿಡಿಲಿನೊಂದಿಗೆ ಬಂದು ಎರಡು ಗಂಟೆ ಬಿಡದೆ ಹೊಯ್ಯಿತು. ಚಪ್ಪರದ ಒಂದು ಮೂಲೆ ಕುಸಿಯಿತು. ಎಲ್ಲರೂ ಸೇರಿ ನಗುನಗುತ್ತಾ ಅದನ್ನು ಎತ್ತಿ ನಿಲ್ಲಿಸಿದೆವು. “ಮಳೆ ಬಂದ್ರೆ ಶುಭ ಕಣ್ರೀ” ಎಂದು ಯಾರೋ ಅಂದರು. ನನಗೂ ಹಾಗೇ ಅನ್ನಿಸಿತು. ಊರ ಹಿಂದಿನ ಬಯಲು, ದನದ ಕೊಟ್ಟಿಗೆ, ತಿಪ್ಪೆ ಎಲ್ಲ ತೊಳೆದುಕೊಂಡು ನೀರು ಹಳ್ಳಕ್ಕೂ ಅದರ ದಡದ ಬಾವಿಗೂ ಇಳಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಮೊದಲ ಮಳೆಯ ಮರುದಿನ ಎರಡರಷ್ಟು ಪುಡಿ ಹಾಕಬೇಕೆಂದು ಹಿಂದಿನ ವರ್ಷ ನಾನೇ ಮೇಲಿನವರಿಗೆ ಬರೆದಿದ್ದೆ.

ಮದುವೆಯ ದಿನ ಬೆಳಕು ಮೂಡುತ್ತಲೇ ದಿಣ್ಣೆಯ ಮೇಲಿದ್ದೆ. ಕೆಳಗೆ ಹಳ್ಳ ಕೆಂಪಗೆ ಹರಿಯುತ್ತಿತ್ತು. ಈ ಸಲ ಬೀಗ ತೆಗೆದೆ. ಮುಚ್ಚಳ ಎತ್ತಿದೆ. ಪುಡಿಯ ಘಾಟು ಮುಖಕ್ಕೆ ಬಡಿಯಿತು. ಅಷ್ಟರಲ್ಲಿ ಊರ ಕಡೆಯಿಂದ ಓಲಗ ಶುರುವಾಯಿತು. ಗಂಡಿನವರ ಗಾಡಿಗಳು ಬಂದವು ಎಂದುಕೊಂಡೆ. ಈಗ ಅವರಿಗೆ ಬೆಲ್ಲ, ನೀರು ಕೊಡುತ್ತಾರೆ. ಅಳತೆಯ ಲೋಟ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಮುಚ್ಚಳ ಮುಚ್ಚಿ ಬೀಗ ಹಾಕಿ, ಹಾಗೇ ನೀರು ಬಿಟ್ಟು ಇಳಿದುಬಂದೆ.

ಇನ್ನೊಂದು ಮಾತು ಹೇಳಬೇಕು. ತಿಂಗಳಿಗೊಮ್ಮೆ ಬೆಂಗಳೂರಿನ ಪ್ರಯೋಗಶಾಲೆಯಿಂದ ರೈಲಿನಲ್ಲಿ ಬೀರೂರಿಗೆ ಒಂದು ಮರದ ಪೆಟ್ಟಿಗೆ ಬರುತ್ತಿತ್ತು. ಒಳಗೆ ಹೊಟ್ಟು, ಮಂಜುಗಡ್ಡೆ, ನಡುವೆ ಕುದಿಸಿ ಶುದ್ಧ ಮಾಡಿದ ಗಾಜಿನ ಸೀಸೆಗಳು. ಕೊಳಾಯಿಯ ಬಾಯಿಯನ್ನು ಸ್ಪಿರಿಟ್ ದೀಪದಲ್ಲಿ ಸುಟ್ಟು, ಸ್ವಲ್ಪ ನೀರು ಹರಿಯಬಿಟ್ಟು, ಬೆರಳು ತಾಗದ ಹಾಗೆ ಸೀಸೆ ತುಂಬಿ ಅದೇ ದಿನ ವಾಪಸು ರೈಲಿಗೆ ಹಾಕಬೇಕು. ಅಲ್ಲಿ ಅದನ್ನು ಸಾರಿನಂಥ ಒಂದು ದ್ರವಕ್ಕೆ ಬೆರೆಸಿ ಬೆಚ್ಚಗೆ ಇಡುತ್ತಾರೆ. ನೀರಿನಲ್ಲಿ ಹೊಲಸಿನ ಕ್ರಿಮಿ ಇದ್ದರೆ ಎರಡು ದಿನದಲ್ಲಿ ಗುಳ್ಳೆ ಏಳುತ್ತದೆ. ಆ ತಿಂಗಳ ಪೆಟ್ಟಿಗೆ ಮದುವೆಯ ದಿನವೇ ಬಂದಿತ್ತು. ಮರುದಿನ ಕಳಿಸುತ್ತೇನೆ ಎಂದು ನೆಪ ಹೇಳಬಹುದಿತ್ತು. ಹೇಳಲಿಲ್ಲ. ಪುಡಿ ಇಲ್ಲದೆಯೂ ನೀರು ಚೆನ್ನಾಗಿದೆ ಎಂದು ಬಂದರೆ ನಾನು ಮಾಡಿದ್ದು ತಪ್ಪಲ್ಲ ಎಂದಾಗುತ್ತದಲ್ಲ, ಆ ಆಸೆ. ಮೇಷ್ಟ್ರ ಬೀದಿಯ ಕೊಳಾಯಿಯಲ್ಲೇ ಸೀಸೆ ತುಂಬಿದೆ. ಧಾರೆಯ ಹೊತ್ತಿಗೆ ಪೆಟ್ಟಿಗೆ ಗಾಡಿಯಲ್ಲಿ ಬೀರೂರಿನ ದಾರಿ ಹಿಡಿದಿತ್ತು.

ಮದುವೆ ಚೆನ್ನಾಗಿ ಆಯಿತು. ಪಾನಕವನ್ನು ಗಂಡಿನವರು ಕೇಳಿ ಕೇಳಿ ಹಾಕಿಸಿಕೊಂಡರು. ನಾನೂ ಎರಡು ಲೋಟ ಕುಡಿದೆ. ನನಗೆ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಅವತ್ತು ಮಧ್ಯಾಹ್ನ ಹುಡುಗಿ ಗಾಡಿ ಹತ್ತಿ ಅಜ್ಜಂಪುರಕ್ಕೆ ಹೋದಳು. ಅಮ್ಮ ಅಳುತ್ತಲೇ ನನ್ನ ಕಡೆ ತಿರುಗಿ ತಲೆಯಾಡಿಸಿದರು. ನಿನ್ನಿಂದಾಯ್ತು ಎನ್ನುವ ಹಾಗೆ.

ಮರುದಿನದಿಂದ ಮತ್ತೆ ಪುಡಿ ಹಾಕಿದೆ. ಎರಡರಷ್ಟೇ ಹಾಕಿದೆ. ಆದರೆ ಮನೆಮನೆಯ ಹಂಡೆ, ಗಡಿಗೆ, ತೊಟ್ಟಿಗಳಲ್ಲಿ ಹಿಂದಿನ ದಿನದ ನೀರು ತುಂಬಿತ್ತು.

ಮೂರನೆಯ ದಿನ ಕೆಳಗಿನ ಬೀದಿಯ ಒಂದು ಮನೆಯಲ್ಲಿ ವಾಂತಿಭೇದಿ ಶುರುವಾಯಿತು. ಸಂಜೆಯೊಳಗೆ ಆ ಮನೆಯ ಎರಡು ಮಕ್ಕಳು ಹೋದವು. ಆಮೇಲೆ ಅಕ್ಕಪಕ್ಕ. ನಾನು ತರೀಕೆರೆಗೆ ಆಳು ಓಡಿಸಿದೆ. ಡಾಕ್ಟರು ಬಂದು ಸೂಜಿ ಹಾಕತೊಡಗಿದರು. ಹಂಡೆಗಳನ್ನು ಬೀದಿಗೆ ಚೆಲ್ಲಿಸಿದೆ, ಒರತೆಗಳಿಗೆ ಮುಳ್ಳು ಹಾಕಿಸಿದೆ, ರೋಗಿಗಳ ಬಟ್ಟೆ ಸುಡಿಸಿದೆ. ಮಾಡುವ ಕೆಲಸ ತುಂಬ ಇತ್ತು. ಯೋಚನೆ ಮಾಡುವುದಕ್ಕೆ ಬಿಡುವಿಲ್ಲದಿರಲಿ ಎಂದು ಬೇಡದ ಕೆಲಸವನ್ನೂ ಮಾಡುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ದಿಣ್ಣೆಯಿಂದ ಬರುವಾಗ ಮೇಷ್ಟ್ರು ಬೀದಿಯ ಬಾಯಲ್ಲೇ ನಿಂತಿದ್ದರು. ಮೈಮೇಲೆ ಅಂಗಿ ಇರಲಿಲ್ಲ. ಅವರನ್ನು ಹಾಗೆ ನಾನು ನೋಡಿದ್ದಿಲ್ಲ. “ಇವಳಿಗೆ ಬಂದ್ಬಿಟ್ಟಿದೆಯಪ್ಪ” ಎಂದರು.

ಅಮ್ಮ ನಡುಮನೆಯಲ್ಲಿ ಚಾಪೆಯ ಮೇಲಿದ್ದರು. ಒಂದೇ ರಾತ್ರಿಯಲ್ಲಿ ಕಣ್ಣು ಗುಳಿಬಿದ್ದಿದ್ದವು, ಕೈಬೆರಳು ಒಗೆದ ಬಟ್ಟೆಯ ಹಾಗೆ ಮುದುರಿದ್ದವು. ಡಾಕ್ಟರು ಬಂದು ಉಪ್ಪುನೀರು ಏರಿಸಲು ನೋಡಿದರು, ನರ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಮೇಷ್ಟ್ರು ಬಿಸಿನೀರು ತರಲು ಒಳಗೆ ಹೋದಾಗ, ಅವರು ಕಣ್ಣು ತೆರೆದು ನನ್ನನ್ನು ನೋಡಿದರು.

“ಈಗ ಹಾಕ್ತಿದೀಯಾ?”

ಏನು ಎಂದು ಕೇಳುವ ಅಗತ್ಯವಿರಲಿಲ್ಲ. “ಹಾಕ್ತಿದೀನಮ್ಮ” ಎಂದೆ.

“ಹಾಕಪ್ಪ. ಜಾಸ್ತಿ ಹಾಕು. ವಾಸ್ನೆ ಬಂದ್ರೆ ಬರ್ಲಿ.”

ಆಮೇಲೆ ಮಾತಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೋದರು. ಮಗಳು ಬರಲಾಗಲಿಲ್ಲ. ಅಜ್ಜಂಪುರದ ಆ ಮನೆಯಲ್ಲೂ ಇಬ್ಬರು ಮಲಗಿದ್ದರು. ಗಂಡನ ಅಜ್ಜಿ ತೀರಿಕೊಂಡರು. ಹೊಸ ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ಅಲ್ಲಿ ಮಾತಾಯಿತಂತೆ.

ಬೇನೆ ಇಳಿಮುಖವಾಗುತ್ತಿದ್ದ ಹಾಗೆ ಊರಲ್ಲಿ ಬೇರೊಂದು ಸುದ್ದಿ ಎದ್ದಿತು. ಮೊದಲು ಯಾರ ಬಾಯಲ್ಲಿ ಹುಟ್ಟಿತೋ ಗೊತ್ತಿಲ್ಲ. ಮದುವೆಯಾದ ಮೇಲೆ ನೀರಿನ ವಾಸನೆ ವಿಪರೀತ ಆಗಿದೆ, ಆಗಿನಿಂದಲೇ ಜನ ಸಾಯುತ್ತಿದ್ದಾರೆ, ಆ ಪುಡಿಯೇ ವಿಷ ಎಂದು. ಒಂದು ಬೆಳಿಗ್ಗೆ ಐವತ್ತು ಅರವತ್ತು ಜನ ದಿಣ್ಣೆಯ ಬುಡಕ್ಕೆ ಬಂದರು. ಕೈಯಲ್ಲಿ ಕೋಲು, ಹಾರೆ. ಡಬ್ಬಗಳನ್ನು ಹಳ್ಳಕ್ಕೆ ಎಸೆದು ತೊಟ್ಟಿ ಒಡೆಯುತ್ತೇವೆ ಎಂದರು. ನಾನು ತೊಟ್ಟಿಯ ಮೆಟ್ಟಿಲ ಮೇಲೆ ನಿಂತಿದ್ದೆ.

ಆಗ ಮೇಷ್ಟ್ರು ಬಂದರು. ಅಮ್ಮ ಸತ್ತು ಒಂಬತ್ತು ದಿನವಾಗಿತ್ತು, ಅವರು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಜನ ದಾರಿ ಬಿಟ್ಟರು. ನನ್ನ ಪಕ್ಕ ಬಂದು ನಿಂತುಕೊಂಡರು.

“ನಿಮ್ಮನೇಲಿ ಸತ್ತಂಗೆ ನನ್ನ ಮನೇಲೂ ಸತ್ತವರೆ” ಎಂದರು. ಅವರು ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಎರಡು ವರ್ಷದಿಂದ ಈ ಹುಡುಗನನ್ನ ನೋಡ್ತಿದೀನಿ. ಮಳೆಯಲ್ಲಿ, ಜ್ವರದಲ್ಲಿ, ಒಂದು ದಿನ ತಪ್ಪಿಸಿದೋನಲ್ಲ. ಇವನು ಹಾಕಿದ ಪುಡಿಯಿಂದ ನಾವು ಇಷ್ಟು ಜನವಾದ್ರೂ ಉಳ್ಕಂಡಿದೀವಿ. ಹೊಡೆಯೋದಾದ್ರೆ ಮೊದಲು ನನಗೆ ಹೊಡೀರಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದಕ್ಕೆ ಹೋದರು. ಆದರೆ ಗೊಣಗುವುದು ನಿಲ್ಲಲಿಲ್ಲ. ವಿಚಾರಣೆಗೆ ತಾಲ್ಲೂಕಿನ ಅಮಲ್ದಾರರು ಬರುವ ದಿನ ಗೊತ್ತಾಗಿತ್ತು, ಅವರ ಮುಂದೆಯೇ ಕೇಳಿ ಪುಡಿ ನಿಲ್ಲಿಸುತ್ತೇವೆ ಎಂದು ಕೂಗುತ್ತಾ ಹೋದರು. ಮೇಷ್ಟ್ರು ನನ್ನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಇಳಿದುಹೋದರು.

ಅದರ ಮರುದಿನ ಬೆಂಗಳೂರಿನ ಕಾಗದ ಬಂತು. ಸೀಸೆ ತುಂಬಿದ ದಿನಾಂಕ, ಬೀದಿಯ ಹೆಸರು, ಕೆಳಗೆ ಒಂದೇ ಸಾಲು: ಕುಡಿಯಲು ಯೋಗ್ಯವಲ್ಲ. ಅದನ್ನು ಹಿಡಿದುಕೊಂಡು ನನ್ನ ಕೋಣೆಯಲ್ಲಿ ಕೂತೆ. ನೀರಿನಲ್ಲಿ ಹೊಲಸಿತ್ತು ಎಂದು ಅದು ಹೇಳುತ್ತಿತ್ತು, ಅಷ್ಟೇ. ಆ ಬೇನೆ ಆ ನೀರಿನಿಂದಲೇ ಬಂತೆಂದಾಗಲಿ, ಪುಡಿ ಹಾಕಿದ್ದರೆ ಇವರೆಲ್ಲ ಉಳಿಯುತ್ತಿದ್ದರೆಂದಾಗಲಿ ಅದರಲ್ಲಿ ಬರೆದಿರಲಿಲ್ಲ. ಸುಟ್ಟುಹಾಕಿದ್ದರೆ ನಾನೊಬ್ಬನೇ ಬಲ್ಲ ವಿಷಯವಾಗಿ ಉಳಿಯುತ್ತಿತ್ತು. ಆದರೆ ಸುಟ್ಟರೆ ಊರು ಪುಡಿಯನ್ನೇ ಕೊಲೆಗಾರ ಎಂದು ನಂಬುತ್ತಿತ್ತು. ಮುಂದಿನ ಮಳೆಗೆ ಮತ್ತೆ ಅದೇ.

ಹನ್ನೊಂದನೆಯ ದಿನದ ಕರ್ಮ ಮುಗಿಯುವವರೆಗೆ ಕಾದೆ. ಬಂದವರೆಲ್ಲ ಹೋದ ಮೇಲೆ ಸಂಜೆ ಜಗಲಿಗೆ ಹೋಗಿ ಕಾಗದವನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡನೆಯ ಸಲ ಓದಿದರು.

“ಇದು ಮದುವೆ ದಿನದ ನೀರು.”

“ಹೌದು.”

“ಆವತ್ತು ಪುಡಿ ಹಾಕಿರ್ಲಿಲ್ವಾ?”

“ಇಲ್ಲ ಮೇಷ್ಟ್ರೇ. ಆವತ್ತೂ ಇಲ್ಲ, ಹಿಂದಿನ ದಿನಾನೂ ಇಲ್ಲ.”

“ಯಾಕೆ?”

ಒಳಗೆ ನಡುಮನೆಯಲ್ಲಿ, ಅಮ್ಮ ಮಲಗಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ಬಾಗಿಲಿನಿಂದ ಕಾಣುತ್ತಿತ್ತು. ಇವರ ಹೆಂಡತಿ ಕೇಳಿದ್ದಕ್ಕೆ, ಇವರ ಮಗಳ ಮದುವೆಯ ಪಾನಕ ಕೆಡಬಾರದೆಂಬುದಕ್ಕೆ. ಆ ಮಾತು ನಾಲಿಗೆಯ ತನಕ ಬಂತು. ಹೇಳಿದ್ದರೆ ನನ್ನ ಭಾರ ಅರ್ಧವಾಗುತ್ತಿತ್ತು. ಉಳಿದ ಅರ್ಧವನ್ನು ಆ ಮನುಷ್ಯ ಜೀವ ಇರುವ ತನಕ ಹೊರಬೇಕಾಗುತ್ತಿತ್ತು.

“ಮರ್ತೆ. ಮದುವೆ ಗಡಿಬಿಡೀಲಿ ಮರ್ತೆ” ಎಂದೆ.

“ಎರಡು ದಿನಾನೂ?”

“ಎರಡು ದಿನಾನೂ.”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸುತ್ತಲೇ ಇದ್ದರು. ಬೈಯ್ಯಲಿ ಎಂದು ಕಾಯುತ್ತಿದ್ದೆ. ಬೈಯ್ಯಲಿಲ್ಲ.

“ಈ ಕಾಗದ ಅಮಲ್ದಾರ್ರ ಮುಂದೆ ಇಡು. ಸತ್ತಿದ್ದು ಪುಡಿ ಹಾಕಿದ್ದಕ್ಕಲ್ಲ, ಹಾಕದೆ ಇದ್ದದ್ದಕ್ಕೆ ಅಂತ ಜನಕ್ಕೆ ತಿಳೀಲಿ” ಎಂದರು. ಎದ್ದು ಒಳಗೆ ಹೋಗುತ್ತಾ ಬಾಗಿಲಲ್ಲಿ ನಿಂತು, ತಿರುಗಿ ನೋಡದೆಯೇ, “ಆಮೇಲೆ ಕೋಣೆ ಖಾಲಿ ಮಾಡು” ಎಂದರು.

ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಚಾವಡಿಯಲ್ಲಿ ಅಮಲ್ದಾರರ ಮುಂದೆ, ಊರಿನವರೆಲ್ಲ ಕೇಳುವ ಹಾಗೆ, ಮರೆತೆ ಎಂದು ಹೇಳಿದೆ. ಪುಸ್ತಕದಲ್ಲಿ ನೀಲಿ ಎಂದು ಬರೆದದ್ದು ಸುಳ್ಳು ಎಂದೂ ಹೇಳಿದೆ. ಎರಡು ಮಕ್ಕಳನ್ನು ಕಳೆದುಕೊಂಡ ಹೆಂಗಸು ಗುಂಪಿನಿಂದ ಮುಂದೆ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಾ, “ಒಂದು ಬಕೀಟು ಕಣಪ್ಪಾ. ಒಂದು ಬಕೀಟು ಕಲಸಿ ಹುಯ್ಯೋಕೆ ನಿಂಗೆ ನೆಪ್ಪಾಗ್ಲಿಲ್ವಾ?” ಎಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ಉತ್ತರ ಬೇಕೆಂದೇ ಕೇಳಿದ ಹಾಗಿತ್ತು.

ಆ ಊರಿನಲ್ಲಿ ಆಮೇಲೆ ಯಾರೂ ಪುಡಿ ಬೇಡ ಎನ್ನಲಿಲ್ಲ ಎಂದು ಕೇಳಿದ್ದೇನೆ. ನನ್ನ ನಂತರ ಬಂದವನು ಒಂದು ದಿನ ತಡಮಾಡಿದರೆ, ಹೆಂಗಸರೇ ಕೊಡ ಹಿಡಿದು ಬಂದು, “ಯಾಕ್ರೀ, ಇವತ್ತು ವಾಸ್ನೆ ಇಲ್ಲ?” ಎಂದು ಕೇಳುತ್ತಿದ್ದರಂತೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕಡೂರಿಗೆ ಹಾಕಿ, ಹಳ್ಳಿಹಳ್ಳಿ ತಿರುಗಿ ಸಿಡುಬು ಬಾರದಂತೆ ದೇವಿ ಹಾಕುವ ಕೆಲಸ ಕೊಟ್ಟರು. ನೀರಿನ ಹತ್ತಿರ ಹೋಗಲು ಹಲವು ವರ್ಷ ಬಿಡಲಿಲ್ಲ. ಅದು ಸರಿಯೇ. ನಾನು ಮದುವೆಯಾದೆ, ಮಕ್ಕಳಾದವು. ಹೆಂಡತಿಗೂ ಇದನ್ನು ಹೇಳಲಿಲ್ಲ. ಮೇಷ್ಟ್ರು ಪಿಂಚಣಿ ತೆಗೆದುಕೊಂಡು ಯಗಟಿಗೆ ಹೋದರು. ಒಮ್ಮೆ ದೇವಿ ಹಾಕಲು ಆ ಕಡೆ ಹೋದಾಗ ಅವರ ತೋಟದ ಬೇಲಿಯವರೆಗೂ ಹೋಗಿದ್ದೆ. ಒಳಗೆ ಅವರು ಬಗ್ಗಿ ತೆಂಗಿನ ಗರಿ ಆಯುತ್ತಿದ್ದರು. ಕರೆಯಲು ಧೈರ್ಯ ಬರಲಿಲ್ಲ. ಅದಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬೀರೂರು ಸ್ಟೇಷನ್ನಿನಲ್ಲಿ ಯಾರದೋ ಬಾಯಲ್ಲಿ ಕೇಳಿದೆ.

ಆಮೇಲೆ ನನ್ನನ್ನು ತರೀಕೆರೆಗೆ ವರ್ಗ ಮಾಡಿದರು. ಒಂದು ಬೇಸಿಗೆಯಲ್ಲಿ ಸುತ್ತಮುತ್ತ ವಾಂತಿಭೇದಿಯ ಸುದ್ದಿ ಇತ್ತು. ಆಸ್ಪತ್ರೆಯ ಮುಂದೆ ಬೆಂಚು ಹಾಕಿಕೊಂಡು ಬಂದವರಿಗೆಲ್ಲ ಸೂಜಿ ಹಾಕುತ್ತಿದ್ದೆ. ಸಾಲಿನಲ್ಲಿ ಒಬ್ಬ ಹೆಂಗಸು, ಮೂವತ್ತರ ಹತ್ತಿರದವಳು, ಒಂದು ಹೆಣ್ಣುಮಗುವನ್ನು ಮುಂದೆ ನಿಲ್ಲಿಸಿಕೊಂಡು ಬಂದಳು. ಮಗುವಿನ ತೋಳು ಹಿಡಿದಾಗ ಅವಳು ಮೆಲ್ಲಗೆ, “ನನ್ನ ಗುರುತು ಸಿಗ್ಲಿಲ್ವಾ?” ಎಂದಳು. ಸಿಕ್ಕಿತು. ಅಮ್ಮನ ಹಣೆ, ಅಮ್ಮನ ದನಿ. ಸೂಜಿಯನ್ನು ತಟ್ಟೆಯಲ್ಲಿಟ್ಟು, ಮತ್ತೆ ಎತ್ತಿಕೊಂಡು ಮಗುವಿಗೆ ಚುಚ್ಚಿದೆ.

ಕೊನೆಯವರು ಹೋಗುವ ತನಕ ಅವಳು ಹೊಂಗೆ ಮರದ ಕೆಳಗೆ ಕಾದಿದ್ದಳು. ಗಂಡನಿಗೆ ಇಲ್ಲಿ ಏನೋ ಕೆಲಸವಿತ್ತಂತೆ, ಜೊತೆಯಲ್ಲಿ ಬಂದಿದ್ದಳು. ಅಜ್ಜಂಪುರದ ಮನೆಯಲ್ಲಿ ಮೊದಲ ವರ್ಷಗಳು ಕಷ್ಟವಾದವು, ಈಗ ಸರಿಹೋಗಿದೆ ಎಂದಳು. ಕಾಲ್ಗುಣದ ಮಾತು ಅವಳು ತೆಗೆಯಲಿಲ್ಲ. ಆಮೇಲೆ ನೆಲ ನೋಡುತ್ತಾ ಹೇಳಿದಳು:

“ಮದುವೆ ದಿನ ಬೆಳಿಗ್ಗೆ ಅಮ್ಮ ಪಾನಕಕ್ಕೆ ಹಿಡಿದ ನೀರು ಒಂದು ಗುಟುಕು ಕುಡಿದ್ಲು. ಕುಡಿದು ನನ್ನ ನೋಡಿ ನಕ್ಕು, ‘ನೋಡೇ, ನನ್ನ ಮಾತು ಕೇಳವ್ನೆ’ ಅಂದ್ಲು. ಯಾರು ಕಣಮ್ಮ ಅಂದೆ. ಹೇಳ್ಲಿಲ್ಲ.” ತಲೆಯೆತ್ತಿದಳು. “ನೀವು ನಿಜವಾಗ್ಲೂ ಮರ್ತಿದ್ರಾ?”

ಅಷ್ಟು ವರ್ಷ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ನಾನು ಹೂಂ ಎಂದರೂ ಉಹೂಂ ಎಂದರೂ ಅವಳಿಗೆ ಹೊಸದಾಗಿ ತಿಳಿಯುವುದು ಏನೂ ಇರಲಿಲ್ಲ. ಆದರೂ ಅವಳ ತಾಯಿಯ ಮೇಲೆ ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ.

“ಮರ್ತಿದ್ದೆ ಕಣವ್ವ” ಎಂದೆ.

ಅವಳ ಕಣ್ಣು ತುಂಬಿತ್ತು. “ಅಪ್ಪನಿಗೆ ನಾನೂ ಹೇಳ್ಲಿಲ್ಲ” ಎಂದಳು. ಮಗುವಿನ ತೋಳಿನಲ್ಲಿ ಸೂಜಿ ಚುಚ್ಚಿದ ಜಾಗ ಊದಿತ್ತು. ಅದಕ್ಕೆ ಏನು ಮಾಡಬೇಕು ಎಂದು ಕೇಳಿದಳು. ಬಿಸಿನೀರಿನ ಬಟ್ಟೆ ಒತ್ತು, ಎರಡು ದಿನದಲ್ಲಿ ಇಳಿಯುತ್ತದೆ ಎಂದೆ. ತಲೆಯಾಡಿಸಿ, ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಸ್ಟೇಷನ್ನಿನ ದಾರಿ ಹಿಡಿದಳು.

ಮತ್ತೆ ನಾವು ಭೇಟಿಯಾಗಲಿಲ್ಲ. ಹೋದ ವರ್ಷ ಅವಳೂ ತೀರಿಕೊಂಡಳೆಂದು ಅಜ್ಜಂಪುರದ ಕಡೆಯವರೊಬ್ಬರು ಹೇಳಿದರು. ನಾನು ಅವರಿಗೆ, ಆ ಮನೆಯವರ ಪರಿಚಯ ನನಗೆ ಅಷ್ಟಾಗಿ ಇಲ್ಲ ಎಂದುಬಿಟ್ಟೆ. ಅವರು ಹೋದ ಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಒಳಗಿನಿಂದ ಸೊಸೆ ಬಂದು ಯಾಕೆ ಎಂದು ಕೇಳಿದಳು. ಏನಿಲ್ಲ ಎಂದೆ.